ಚಂದ್ರನಿಗೂ ಒಂದು ಮಾರ್ಚ್ 31

ಮಾರ್ಚ್ 31ರಂದು ನಮ್ಮ ಕಚೇರಿಗಳಲ್ಲಿ ರಾತ್ರಿ ಹತ್ತಾದರೂ ದೀಪ ಉರಿಯುತ್ತಿರುತ್ತದೆ; ಉಳಿದ ಅನುದಾನವನ್ನು ಮುಗಿಸಬೇಕಲ್ಲ! ಅಮೆರಿಕದ ಹಣಕಾಸು ವರ್ಷ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. 1977ರ ಆ ದಿನ ಖರ್ಚು ಉಳಿಸಲೆಂದು ನಾಸಾ ಸ್ವಿಚ್ ಆರಿಸಿದ್ದು ಚಂದ್ರನ ಮೇಲಿನ ಉಪಕರಣಗಳದ್ದು.

ಅಪೊಲೊ ಗಗನಯಾತ್ರಿಗಳು ಪ್ರಾಣ ಪಣಕ್ಕಿಟ್ಟು ಹೊತ್ತೊಯ್ದು ಜೋಡಿಸಿದ್ದ ಉಪಕರಣಗಳವು. ಕಂಪನಮಾಪಕಗಳ ಸಾಹಸವನ್ನಂತೂ ಹೇಳಲೇಬೇಕು. ಅಪೊಲೊ 12ರವರು ಕೆಲಸ ಮುಗಿದ ಮೇಲೆ ತಾವು ಏರಿ ಬಂದ ನೌಕೆಯ ಭಾಗವನ್ನೇ ಚಂದ್ರನಿಗೆ ಅಪ್ಪಳಿಸಿದರು. ಚಂದ್ರ ಗಂಟೆಯಂತೆ ಹತ್ತಿರ ಹತ್ತಿರ ಒಂದು ಗಂಟೆ ಕಂಪಿಸಿದ. ಭೂಮಿಯಲ್ಲಾದರೆ ನಿಮಿಷಗಳಲ್ಲಿ ಅಡಗುವ ಕಂಪನ ಅಲ್ಲಿನ ಒಣ, ಬಿರುಕುಬಿಟ್ಟ ನೆಲದಲ್ಲಿ ಬೇಗ ಅಡಗಲೇ ಇಲ್ಲ. ಮುಂದಿನ ವರ್ಷಗಳಲ್ಲಿ ಅಲ್ಲಿಂದ ಬಂದ ಕಂಪನಗಳ ಲೆಕ್ಕ 12,000 ದಾಟಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಅಪೊಲೊ 16ರಲ್ಲಿ ಜಾನ್ ಯಂಗ್ ಕಾಲಿಗೆ ಕೇಬಲ್ ಸಿಕ್ಕಿ, ನೆಲದೊಳಗಿನ ಶಾಖ ಅಳೆಯುವ ಪ್ರಯೋಗವೇ ಕಿತ್ತುಹೋಯಿತು. ಅದು ಎಡವಟ್ಟು, ಕ್ಷಮಿಸಬಹುದು. ಆದರೆ ಆರಿಸಿದ್ದು ಯಾರ ಕಾಲೂ ಎಡವಿ ಅಲ್ಲ, ಕಡತ ನಡೆದ ದಾರಿಯಲ್ಲೇ.

ವಿದ್ಯುತ್ತು ಕುಂದುತ್ತಿತ್ತು ಎಂಬ ಸಮಜಾಯಿಷಿಯೂ ಇತ್ತು, ಸುಳ್ಳಲ್ಲ. ಆದರೂ ಆ ವಿದ್ಯುತ್ತಿನ ಮೂಲವಾದ ಪ್ಲುಟೋನಿಯಮ್-238ರ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 88 ವರ್ಷ. ಬಜೆಟ್ಟಿನ ಪೂರ್ಣಾಯುವೇ ಹನ್ನೆರಡು ತಿಂಗಳು.

ಇನ್ನು ಅಪೊಲೊ 11ರ ಮೂಲ ಟೇಪುಗಳು. ಮನುಷ್ಯ ಚಂದ್ರನ ಮೇಲೆ ಮೊದಲ ಹೆಜ್ಜೆಯಿಟ್ಟ ದೃಶ್ಯದ ಅತಿ ಸ್ಪಷ್ಟ ಪ್ರತಿ ಇದ್ದದ್ದು ಅವುಗಳಲ್ಲಿ. ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕೆಂದು ನಾಸಾವೇ 2009ರಲ್ಲಿ ಒಪ್ಪಿಕೊಂಡಿತು. ಅಜ್ಜಿಯ ರೇಷ್ಮೆ ಸೀರೆ ಕೊಟ್ಟು ಬೀದಿಯಲ್ಲಿ ಸ್ಟೀಲ್ ಡಬ್ಬಿ ಕೊಂಡ ಸೊಸೆಯನ್ನು ಇನ್ನು ಮೇಲೆ ನಾನಂತೂ ಬೈಯುವುದಿಲ್ಲ.

ಈ ಮಿತವ್ಯಯದಿಂದ ಪಾರಾದ ಒಂದು ಪ್ರಯೋಗವಿದೆ. ಅಪೊಲೊ 11ರವರು ಇಟ್ಟುಬಂದ 100 ಗಾಜಿನ ಪ್ರಿಸಂಗಳ ಫಲಕ. ಭೂಮಿಯಿಂದ ಲೇಸರ್ ಬಿಟ್ಟರೆ ಬಂದ ದಾರಿಯಲ್ಲೇ ತಿರುಗಿ ಕಳಿಸುತ್ತದೆ, ಇಂದಿಗೂ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆಂದು ಇಷ್ಟು ಕರಾರುವಾಕ್ಕಾಗಿ ತಿಳಿದದ್ದು ಇಂಥ ಫಲಕಗಳಿಂದಲೇ. ಆಡಿಟ್‌ಗೆ ಹೆದರಿ ಸರಿಯುತ್ತಿದ್ದಾನೋ ಏನೋ. ಫಲಕಕ್ಕೆ ಬ್ಯಾಟರಿ ಇಲ್ಲ, ಸಂಬಳವಿಲ್ಲ, ಮುಖ್ಯವಾಗಿ ಸ್ವಿಚ್ಚೇ ಇಲ್ಲ.