ಹಬ್ಬದ ದಿನ ಬೀದಿ ಯಾರದು?

ಜೋಧಪುರಕ್ಕೆ ಬರಬೇಕೆಂದಿರುವ ನಮ್ಮ ಧಾರವಾಡ ಕಡೆಯ ನೆಂಟರೆಲ್ಲ ಫೋನಿನಲ್ಲಿ ಮೊದಲು ಕೇಳುವುದು ಒಂದೇ: ‘ಮರುಭೂಮಿ ಉತ್ಸವ ಯಾವಾಗ?’ ಮಾಘ ಹುಣ್ಣಿಮೆಯ ಹೊತ್ತಿಗೆ ಜೈಸಲ್ಮೇರಿನಲ್ಲಿ ನಡೆಯುವ ಆ ಸರ್ಕಾರಿ ಉತ್ಸವಕ್ಕೆ ನಾನಾಗಿ ಯಾರನ್ನೂ ಕಳುಹಿಸುವುದಿಲ್ಲ. ಮೀಸೆ ಸ್ಪರ್ಧೆ, ಪೇಟ ಸುತ್ತುವ ಪೈಪೋಟಿ, ‘ಮರುಶ್ರೀ’ ಎಂಬ ಬಿರುದಿಗೆ ಗಂಡಸರ ಆಯ್ಕೆ, ಸಮ್‌ನ ಮರಳ ದಿಬ್ಬಗಳಲ್ಲಿ ಒಂಟೆ ಸವಾರಿ, ಎಲ್ಲವೂ ಕಣ್ಣಿಗೆ ಚೆಂದವೇ. ಆದರೆ ಅದು ನೋಡಬಂದವರಿಗೆಂದೇ ಮಾಡಿದ್ದು. ಅಲ್ಲಿ ಡೇರೆಗಳ ಮುಂದೆ ಹಾಡುವ ಮಾಂಗಣಿಯಾರರನ್ನೇ ನೋಡಿ. ಮುಸ್ಲಿಮರಾದ ಇವರು ತಲೆತಲಾಂತರದಿಂದ ರಜಪೂತ ಯಜಮಾನರ ಮನೆಯ ಹುಟ್ಟು, ಮದುವೆಗಳಿಗೆ ಹಾಡಿಕೊಂಡು ಬಂದವರು. ಕಮಾಯಚಾ ಎಂಬ ತಂತಿವಾದ್ಯ ಹಿಡಿದು ಯಜಮಾನನ ಅಂಗಳದಲ್ಲಿ ಕುಳಿತರೆ ಇಡೀ ಮನೆತನವನ್ನು ಹೊಗಳಿ ಹಾಡುತ್ತಾರೆ. ಡೇರೆಯ ಮುಂದೆ ಅದನ್ನು ಕೇಳುವವರು ಯಾರು? ಸಿನಿಮಾದಲ್ಲಿ ಬಂದ ಹಾಡು ಹೇಳಿ ಎನ್ನುತ್ತಾರೆ.

ಬರುವುದಾದರೆ ಹೋಳಿ ಕಳೆದ ಮೇಲೆ ಬನ್ನಿ, ಗಣಗೌರ್ ನೋಡಿ ಎನ್ನುತ್ತೇನೆ.

ಗಣಗೌರ್ ಎಂದರೆ ನಮ್ಮ ಗೌರಿಯೇ. ಭಾದ್ರಪದದ ತದಿಗೆಗೆ ನಮ್ಮ ಮನೆಗೆ ಬರುವವಳು ಇಲ್ಲಿ ಚೈತ್ರದ ತದಿಗೆಯವರೆಗೆ ಪೂಜೆಗೊಳ್ಳುತ್ತಾಳೆ. ನಾವು ಕೈಗೆ 16 ಗಂಟಿನ ದಾರ ಕಟ್ಟಿಕೊಂಡರೆ, ಇವರು ಹೋಳಿಯ ಮರುದಿನದಿಂದ 16 ದಿನ ಪೂಜೆ ಮಾಡುತ್ತಾರೆ. ಗೋಡೆಗೆ ಕುಂಕುಮ, ಕಾಡಿಗೆ, ಮೆಹಂದಿಯ 16 ಬೊಟ್ಟು ಇಡುತ್ತಾರೆ. ಲೆಕ್ಕ ಒಂದೇ, ನಡೆಸುವ ರೀತಿ ಬೇರೆ. ನಮ್ಮಲ್ಲಿ ಗೌರಿ ಬಂದ ಮರುದಿನವೇ ಮಗ ಬರುತ್ತಾನೆ; ಅಲ್ಲಿಂದ ಪೆಂಡಾಲು, ಚಂದಾ, ಆರ್ಕೆಸ್ಟ್ರಾ ಎಲ್ಲ ಅವನದೇ. ತಾಯಿಯ ಪಾಲಿಗೆ ಒಂದು ಮರದ ಬಾಗಿನ. ಇಲ್ಲಿ ಗೌರಿಯ ಪಕ್ಕದಲ್ಲಿ ಗಂಡ ಈಸರ್ ಇರುತ್ತಾನೆ, ನಿಜ. ಆದರೂ ಹಬ್ಬ ಅವಳದೇ. ಹೋಳಿಯ ಬೂದಿಗೆ ಮಣ್ಣು ಕಲಸಿ ಉಂಡೆ ಕಟ್ಟುವುದು, ಕುಂಡದಲ್ಲಿ ಗೋಧಿ ಸಸಿ ಬೆಳೆಸುವುದು, ಬೆಳಗ್ಗೆ ಹಾಡುತ್ತಾ ಹೋಗಿ ಗರಿಕೆ, ನೀರು ತರುವುದು, ಎಲ್ಲವೂ ಹೆಣ್ಣುಮಕ್ಕಳ ಕೆಲಸ.

ಹೋಳಿ ಕಳೆದು ಎಂಟನೇ ದಿನದ ಶೀತಲಾಷ್ಟಮಿಯ ಹೊತ್ತಿಗೆ ಘುಡ್ಲಾ ಶುರುವಾಗುತ್ತದೆ. ಮೈತುಂಬ ತೂತು ಕೊರೆದ ಮಣ್ಣಿನ ಮಡಕೆ, ಒಳಗೊಂದು ಎಣ್ಣೆಯ ಹಣತೆ. ಸಂಜೆ ಹುಡುಗಿಯೊಬ್ಬಳು ಅದನ್ನು ತಲೆಯ ಮೇಲೆ ಹೊತ್ತು ಮನೆ ಮನೆಗೆ ಬರುತ್ತಾಳೆ, ಹಿಂದೆ ಹಾಡುವ ಗುಂಪು. ಅವಳು ನಡೆದಂತೆ ಬೆಳಕಿನ ಚುಕ್ಕಿಗಳು ಅವಳ ತೋಳಿನ ಮೇಲೆ, ಓಣಿಯ ನೀಲಿ ಗೋಡೆಗಳ ಮೇಲೆ ಓಲಾಡುತ್ತವೆ. ಹಾಡು ಮುಗಿಸಿ ಬಾಗಿಲಲ್ಲಿ ನಿಂತರೆ ಮನೆಯವರು ಎಣ್ಣೆಯನ್ನೋ ಕಾಸನ್ನೋ ಕೊಡಬೇಕು. ಇದರ ಹಿಂದೆ ಗೌರಿಪೂಜೆಗೆ ಹೋದ ಹುಡುಗಿಯರ ಅಪಹರಣದ ಕಥೆಯಿದೆ: ಜೋಧಪುರದ ದೊರೆ ರಾವ್ ಸಾತಲ್ ಆ ಹುಡುಗಿಯರನ್ನು ಬಿಡಿಸಿ ತಂದನಂತೆ, ಆ ಗಾಯಗಳಿಂದಲೇ ಸತ್ತನಂತೆ. ಮಡಕೆಯ ತೂತುಗಳು ಅಪಹರಿಸಿದ ಘುಡ್ಲೇಖಾನನ ತಲೆಗೆ ಬಿದ್ದ ಏಟುಗಳು. ಪುಟ್ಟ ಹುಡುಗಿಯರು ಶತ್ರುವಿನ ತಲೆ ಹೊತ್ತು ಕಾಸು ಕೇಳುವುದನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ.

ಗಣಗೌರ್ ಮುಗಿದು 16 ದಿನಕ್ಕೆ ಧೀಂಗಾ ಗವರ್, ಎಂದರೆ ತುಂಟ ಗೌರಿಯ ಹಬ್ಬ. ಹಳೆಯ ಪೇಟೆಯೊಳಗೆ ಅಲ್ಲಲ್ಲಿ ಗವರ್‌ಳನ್ನು ಚಿನ್ನ ಹೇರಿ ಕೂರಿಸಿರುತ್ತಾರೆ. ಹೆಂಗಸರು ದೇವತೆ, ಪೊಲೀಸ್, ಸೇಠ್, ಏನು ಬೇಕಾದರೂ ವೇಷ ಹಾಕಿ, ಕೈಯಲ್ಲಿ ಬೆತ್ತ ಹಿಡಿದು ರಾತ್ರಿಯೆಲ್ಲ ಓಡಾಡುತ್ತಾರೆ. ದಾರಿಗೆ ಅಡ್ಡ ಬಂದ ಗಂಡಸಿಗೆ ಏಟು ಖಾತ್ರಿ. ಓಣಿಯಲ್ಲಿ ಮಾವ ಎದುರಾದರೆ ಮುಖದ ಮೇಲೆ ಘೂಂಘಟ್ ಎಳೆದುಕೊಳ್ಳುವ ನಮ್ಮ ಪಕ್ಕದ ಮನೆಯ ಭಾಭೀಸಾ ಆ ರಾತ್ರಿ ಇನ್‌ಸ್ಪೆಕ್ಟರ್.

ಇಲ್ಲೇ ನನ್ನ ಅಕ್ಕ ಜಗಳಕ್ಕೆ ನಿಲ್ಲುತ್ತಾಳೆ. ‘ವರ್ಷವೆಲ್ಲ ಮುಖ ಮುಚ್ಚಿಸಿ ಒಂದು ರಾತ್ರಿ ಬಿಟ್ಟರೆ ಅದೇನು ದೊಡ್ಡಸ್ತಿಕೆಯೋ? ನಮಗೆ ಅಂಥ ರಾತ್ರಿಯ ಅಗತ್ಯವೇ ಇಲ್ಲ.’ ಅವಳ ಮಾತಿನಲ್ಲಿ ಸತ್ಯವಿದೆ. ಈ ಮಾರವಾಡ ಸೀಮೆಯ ಸೊಸೆಯಾಗುವುದು ಸುಲಭವಲ್ಲ, ಗಣಗೌರ್‌ನ ಬೇಡಿಕೆಯೂ ಕೊನೆಗೆ ಒಳ್ಳೆಯ ಗಂಡ, ಗಂಡನ ಆಯುಷ್ಯ. ಆದರೆ ನಾನು ಹೇಳುವುದು ಬೀದಿಯ ಮಾತು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಗೊಂಬೆಗಳ ಆರತಿ ತಟ್ಟೆ ಹಿಡಿದು, ಹಾಡುತ್ತಾ ಓಣಿ ದಾಟಿ ಗೌರಿಗೆ ಬೆಳಗಿ ಬರುತ್ತಿದ್ದರು. ಈಗ ನಮ್ಮ ಓಣಿಯಲ್ಲಿ ಅಂಗಡಿಯಿಂದ ಗೊಂಬೆ ತಂದು ಮನೆಯೊಳಗೇ ಬೆಳಗಿ ಮುಗಿಸುತ್ತಾರೆ. ಬೀದಿಯನ್ನು ಗಣಪತಿ ವಿಸರ್ಜನೆಯ ಡಿಜೆಗೆ ಬಿಟ್ಟುಕೊಟ್ಟಾಯಿತು. ಅದರ ಮುಂದೆ ಕುಣಿಯುವವರು ಹೆಚ್ಚಾಗಿ ಹುಡುಗರೇ. ಕೆಲಸಕ್ಕೆ, ಕಾಲೇಜಿಗೆ ಸಲೀಸಾಗಿ ಓಡಾಡುವ ನಮ್ಮ ಹೆಣ್ಣುಮಕ್ಕಳು ಹಬ್ಬದ ರಾತ್ರಿ ಬಾಲ್ಕನಿಯಲ್ಲಿ ನಿಂತು ನೋಡುತ್ತಾರೆ. ಇದಕ್ಕೆ ಅಕ್ಕ ಇನ್ನೂ ಉತ್ತರ ಕೊಟ್ಟಿಲ್ಲ.

ಧೀಂಗಾ ಗವರ್‌ಗೂ ಈಗ ವೇದಿಕೆ, ಧ್ವನಿವರ್ಧಕ, ವೇಷಕ್ಕೆ ಬಹುಮಾನ ಬಂದಿವೆ. ಅದು ಮರುಭೂಮಿ ಉತ್ಸವದ ದಾರಿ ಹಿಡಿಯುವ ಮೊದಲೇ ಬಂದುಬಿಡಿ. ಆಗ ಬಿಸಿಲು ಚುರುಕಾಗಿರುತ್ತದೆ, ಹಗಲು ಮಲಗಿ ರಾತ್ರಿ ಹೊರಡಿ. ಹೆಂಗಸರು ಬೆತ್ತ ಸಿಕ್ಕರೆ ಹಿಡಿದು ಗುಂಪಿನಲ್ಲಿ ಸೇರಿಕೊಳ್ಳಲಿ. ಗಂಡಸರು ಕ್ಯಾಮೆರಾ ಹಿಡಿದು ನಡುಬೀದಿಯಲ್ಲಿ ನಿಲ್ಲದೆ ಗೋಡೆಗೆ ಒರಗಿ ನೋಡಲಿ. ಬೆತ್ತ ತಾಗಿದ ಅವಿವಾಹಿತನಿಗೆ ಬೇಗ ಮದುವೆಯಾಗುತ್ತದೆಂದು ಇಲ್ಲಿಯ ನಂಬಿಕೆ. ಆಮೇಲೆ ನನ್ನನ್ನು ದೂರಬೇಡಿ.