ಕಾಶಿಯ ಬಸ್ಸು

ಕಳೆದ ವಾರ ನೀರ್ಚಾಲಿನಲ್ಲಿ ನಡೆದ ಅಕ್ಕನ ಮಗನ ಉಪನಯನದಲ್ಲಿ ಮಾಣಿಯು ಮೂರು ಬಾರಿ ಕಾಶಿಯಾತ್ರೆಗೆ ಹೊರಟನು. ಮೊದಲನೆಯದು ಶಾಸ್ತ್ರಕ್ಕಾಯಿತು, ಉಳಿದೆರಡು ಕ್ಯಾಮರಾದವನಿಗಾಗಿ. "ಮಾವಾ, ಸ್ವಲ್ಪ ನಗಾಡಿಕೊಂಡು ಇನ್ನೊಮ್ಮೆ ತಡೆಯಿರಿ" ಎಂದು ಅವನು ಸೋದರಮಾವನಾದ ನನಗೆ ಅಪ್ಪಣೆ ಕೊಟ್ಟಾಗ ಪುರೋಹಿತರು ಮಂತ್ರವನ್ನು ನಿಲ್ಲಿಸಿ ಕಾದು ನಿಂತರು. ಷೋಡಶ ಸಂಸ್ಕಾರಗಳನ್ನು ವಿಧಿಸಿದವರಿಗೆ ಹೊಳೆಯದ ಈ ಹದಿನೇಳನೆಯದನ್ನು ಕಂಡು ನನಗೆ ನಿಜವಾಗಿಯೂ ಸಿಟ್ಟು ಬಂದಿತು.

ತಡೆಯುವವರ ಬೆಲೆಯನ್ನು ನಾನು ಬಲ್ಲೆ. ಗರ್ಭಾಷ್ಟಮವೆಂದು ಎಂಟು ತುಂಬುವ ಮೊದಲೇ ನಡೆದ ನನ್ನ ಉಪನಯನದಲ್ಲಿ ಕೊಡೆ, ಕೋಲು, ಅಕ್ಕಿಕಾಯಿಯ ಗಂಟುಗಳೊಂದಿಗೆ ನನ್ನನ್ನು ಅಂಗಳಕ್ಕಿಳಿಸಿ, ಮಾವ ಕರೆಯುವವರೆಗೂ ಹಿಂದಿರುಗಿ ನೋಡಬಾರದೆಂದು ಅಪ್ಪ ಹೇಳಿದ್ದರು. ಕರೆಯಬೇಕಾದ ಮಾವನವರು ಜಗಲಿಯಲ್ಲಿ ಕುಳಿತು ಚಾಲಿ ಅಡಿಕೆಯ ಧಾರಣೆಯ ಕುರಿತು ಯಾರೊಡನೆಯೋ ವಾದಕ್ಕಿಳಿದಿದ್ದುದರಿಂದ, ನಾನು ಅಂಗಳ ದಾಟಿ, ತೋಟದ ಸಂಕ ದಾಟಿ, ಗುಡ್ಡೆ ಹತ್ತಿ ರಸ್ತೆಗೇ ಬಂದುಬಿಟ್ಟೆನು. ಕುಂಬಳೆಯ ಬಸ್ಸು ಬಂದು ನಿಂತಿತು. ಎಲ್ಲಿಗೆಂದು ಮಲೆಯಾಳದಲ್ಲಿ ಕೇಳಿದ ಕಂಡಕ್ಟರನಿಗೆ "ಕಾಶಿಗೆ" ಎಂದೆನು. ನನ್ನ ಜುಟ್ಟನ್ನೂ ಕೊಡೆಯನ್ನೂ ನೋಡಿದ ಅವನು, ಹಾಗಾದರೆ ಕುಂಬಳೆಯಲ್ಲಿ ಇಳಿದು ರೈಲು ಹಿಡಿಯಬೇಕೆಂದು ಒಂದಿಷ್ಟೂ ನಗದೆ ತಿಳಿಸಿದನು. ಆ ದಿನ ನನ್ನ ಯಾತ್ರೆಯನ್ನು ನಂಬಿದವನು ಅವನೊಬ್ಬನೇ. ನನ್ನ ಒಂದು ಕಾಲು ಮೆಟ್ಟಿಲ ಮೇಲಿದ್ದಾಗ ಮಾವನವರು ಪಂಚೆ ಎತ್ತಿಕೊಂಡು ಓಡಿಬಂದರು. "ಮಗಳನ್ನು ಕೊಡುತ್ತೇನೆ, ಹಿಂದಿರುಗು" ಎನ್ನುವುದು ಪದ್ಧತಿ. ಅವರಿಗಿದ್ದವರು ಇಬ್ಬರೂ ಗಂಡುಮಕ್ಕಳಾದ್ದರಿಂದ "ಹೀರೋ ಪೆನ್ನು ಕೊಡುತ್ತೇನೆ, ಇಳಿ" ಎಂದರು.

ಇಂತಹ ಆಚರಣೆಗಳಿಗೆಲ್ಲ ಅಗಲಿಕೆ, ಹೊಸ್ತಿಲು, ಮರುಸೇರ್ಪಡೆ ಎಂಬ ಮೂರು ಘಟ್ಟಗಳಿವೆಯೆಂದು ಫ್ರೆಂಚ್ ಜಾನಪದ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಬರೆದರು. ಸಮಾಜವು ಮನುಷ್ಯನನ್ನು ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೀಗೆ ದಾಟಿಸುತ್ತದಂತೆ. ಇರಬಹುದು, ಸೇರಿಸಿಕೊಳ್ಳಬೇಕಾದವರು ಅಡಿಕೆಯ ಧಾರಣೆಯಲ್ಲಿ ಮುಳುಗಿದ್ದರೆ ಹೊಸ್ತಿಲಲ್ಲಿರುವವನ ಗತಿಯೇನೆಂಬುದು ನನ್ನ ಪ್ರಶ್ನೆ. 1956ರಲ್ಲಿ ನಮ್ಮ ಕಾಸರಗೋಡನ್ನೇ ಕೇರಳಕ್ಕೆ ದಾಟಿಸಿದಾಗಲೂ ಮರಳಿ ಕರೆಯುವ ಮಾವ ಬರಲಿಲ್ಲ.

ಮೂರನೆಯ ಬಾರಿ ತಡೆದು ಮುಗಿಸಿ ಊಟದ ಹಂತಿಯಲ್ಲಿ ಕುಳಿತಾಗ ಪಕ್ಕದ ಎಲೆಗೆ ಬಂದವರು ಅದೇ ಮಾವನವರು, ಈಗ ಎಂಬತ್ತು ದಾಟಿದವರು. ನಾನು ಪೆನ್ನಿನ ವಿಷಯವನ್ನೆತ್ತಿದೆನು. "ಯಾವ ಪೆನ್ನು?" ಎಂದವರೇ ಹೋಳಿಗೆಗೆ ತುಪ್ಪ ಬಡಿಸುವವನನ್ನು ಕೂಗಿ ಕರೆದರು. ಈ ಬಾರಿ ಅವರ ದನಿ ತೋಟದಾಚೆಯ ರಸ್ತೆಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.