ಓಟಿ ಕೇಳಿದ ಮೇಲಿನ 90 ದಿನ

ಓಟಿ (ಓವರ್‌ಟೈಮ್, ಹೆಚ್ಚುವರಿ ಗಂಟೆಯ ಕೂಲಿ) ದರ ಒಂದನ್ನೇ ನೋಡಿದರೆ ನಮ್ಮ ಕರ್ನಾಟಕವೇ ಕ್ಯಾಲಿಫೋರ್ನಿಯಾಗಿಂತ ಉದಾರಿ. ಕರ್ನಾಟಕದಲ್ಲಿ ಹೆಚ್ಚುವರಿ ಗಂಟೆಗೆ ಎರಡು ಪಟ್ಟು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 8 ಗಂಟೆ ದಾಟಿದರೆ ಒಂದೂವರೆ, 12 ದಾಟಿದ ಮೇಲೆ ಎರಡು. ಗಂಟೆಗೆ 20 ಡಾಲರಿನವನು 13 ಗಂಟೆ ದುಡಿದರೆ 160, 120, 40, ಒಟ್ಟು 320 ಡಾಲರ್. ಗುತ್ತಿಗೆದಾರ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೂಲಿ ತೆರಬೇಕೆಂದು ನಮ್ಮ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ 21ನೇ ಕಲಮು ಹೇಳಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಇಂಥದೇ ಹೊಣೆ ಹೊರಿಸುವ ಕ್ಯಾಲಿಫೋರ್ನಿಯಾದ ಲೇಬರ್ ಕೋಡ್‌ನ (ಕಾರ್ಮಿಕ ಕಾನೂನಿನ) 2810.3ನೇ ಕಲಮು ಜಾರಿಗೆ ಬಂದದ್ದು 2015ರಲ್ಲಿ. ಅದರಲ್ಲೂ ತೂತುಗಳಿವೆ: ಒಟ್ಟು 25ಕ್ಕಿಂತ ಕಡಿಮೆ ಜನರಿರುವ ಕಂಪನಿಗೆ, ಗುತ್ತಿಗೆಯಿಂದ ಒಂದು ಸಮಯಕ್ಕೆ ಐದು ಅಥವಾ ಅದಕ್ಕಿಂತ ಕಡಿಮೆ ಜನರನ್ನು ಪಡೆಯುವ ಕಂಪನಿಗೆ ಅದು ಅನ್ವಯಿಸದು. ಕೋರ್ಟಿಗೆ ಹೋಗುವ ಮುನ್ನ ಆ ಕಂಪನಿಗೆ 30 ದಿನದ ನೋಟಿಸ್ ಕೊಡಬೇಕು. ಎಡವುವವರು ಹೆಚ್ಚು ಇಲ್ಲಿಯೇ, ಏಕೆಂದರೆ ಎಲ್ಲರೂ ಪತ್ರ ಬರೆಯುವುದು ಗುತ್ತಿಗೆದಾರನಿಗೆ ಮಾತ್ರ.

ಹೊಣೆ ಹೇಗೆ ಅಂಟಿಕೊಳ್ಳುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ನಡೆದ, ಚೀಸ್‌ಕೇಕ್ ಫ್ಯಾಕ್ಟರಿ ಎಂಬ ರೆಸ್ಟೋರೆಂಟಿನ ಪ್ರಕರಣ ನೋಡಬೇಕು. ಸ್ವಚ್ಛತೆಯ ಕೆಲಸ ಗುತ್ತಿಗೆದಾರನಿಗೆ, ಅವನಿಂದ ಒಳಗುತ್ತಿಗೆದಾರನಿಗೆ. ರಾತ್ರಿಪಾಳಿ ಮುಗಿದರೂ ಕಿಚನ್ ಮ್ಯಾನೇಜರ್ ಬಂದು ಸುತ್ತು ಹಾಕಿ ಒಪ್ಪುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಕಾಸಿಲ್ಲದ ಓಟಿ ಹುಟ್ಟಿದ್ದು ಆ ಕಾಯುವಿಕೆಯಲ್ಲಿ, ಕಾಯಿಸಿದವನು ರೆಸ್ಟೋರೆಂಟಿನ ಮನುಷ್ಯ. 2018ರಲ್ಲಿ ರಾಜ್ಯದ ಕಾರ್ಮಿಕ ಆಯುಕ್ತರು 559 ಕೆಲಸಗಾರರ ಪರವಾಗಿ 45.7 ಲಕ್ಷ ಡಾಲರ್ ವಿಧಿಸಿ ರೆಸ್ಟೋರೆಂಟನ್ನೂ ಹೊಣೆ ಮಾಡಿದರು. 2024ರಲ್ಲಿ ರಾಜಿಯಾದದ್ದು 10 ಲಕ್ಷಕ್ಕೆ. ಆರು ವರ್ಷ, ಅಷ್ಟಕ್ಕೆ! ಇಲ್ಲಿನ ವ್ಯವಸ್ಥೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುವ ನಮ್ಮವರು ಇದನ್ನು ಮರೆಯಬಾರದು.

ಕ್ಯಾಲಿಫೋರ್ನಿಯಾದಿಂದ ನಾವು ಕಡ ತರಬೇಕಾದದ್ದು ಬೇರೆಯೇ ಇದೆ. ಬಾಕಿ ಕೇಳಿದವನನ್ನು ಬೆಂಗಳೂರಿನಲ್ಲಿ ವಜಾ ಮಾಡಬೇಕಾಗಿಯೇ ಇಲ್ಲ. ಕಂಪನಿಯವರು ‘ಇವನನ್ನು ಬದಲಾಯಿಸಿ’ ಅನ್ನುತ್ತಾರೆ, ಗುತ್ತಿಗೆದಾರ ‘ಕಂಪನಿಯವರೇ ಬೇಡವೆಂದರು, ನಾಳೆಯಿಂದ ಬರಬೇಡ’ ಅನ್ನುತ್ತಾನೆ. ಇಬ್ಬರೂ ಪರಸ್ಪರರ ಕಡೆ ಬೆರಳು ತೋರಿಸಿ ಪಾರು. ಸೇಡಿನ ವಜಾ ಅನುಚಿತ ಪದ್ಧತಿಯೆಂದು ನಮ್ಮ ಕಾನೂನಿನಲ್ಲೂ ಇದೆ, ಆದರೆ ಅದು ಸೇಡೆಂದು ರುಜುವಾತು ಮಾಡಬೇಕಾದವನು ಕೆಲಸ ಕಳೆದುಕೊಂಡವನೇ. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿಯಿಂದ, ದೂರು ಕೊಟ್ಟ 90 ದಿನದೊಳಗೆ ವಜಾ ಮಾಡಿದರೆ, ಪಾಳಿ ಕಡಿದರೆ, ಅದು ಸೇಡೆಂದೇ ಮೊದಲು ಭಾವಿಸಲಾಗುತ್ತದೆ. ನ್ಯಾಯವಾದ ಕಾರಣ ಮಾಲೀಕನೇ ಕೊಡಬೇಕು. ಕೊಟ್ಟರೆ ಆ ಕಾರಣ ನೆಪವೆಂದು ತೋರಿಸುವ ಭಾರ ಮತ್ತೆ ಕೆಲಸಗಾರನದೇ. ಆದರೂ ಮೊದಲ ಮಾತು ಮಾಲೀಕನಿಂದ ಬರಬೇಕಾಗುವುದು ಸಣ್ಣ ವಿಷಯವಲ್ಲ. ದಂಡ ಒಬ್ಬೊಬ್ಬರಿಗೆ ಉಲ್ಲಂಘನೆಗೆ 10,000 ಡಾಲರ್‌ವರೆಗೆ, ಅದು ಹೋಗುವುದು ಕೆಲಸಗಾರನಿಗೇ.

ಈ ಲೆಕ್ಕವೆಲ್ಲ ದೂರಿನ ದಿನಾಂಕದ ಮೇಲೆ ನಿಂತಿದೆ. ಬಾಯಿಮಾತಿನ ದೂರೂ ಸಲ್ಲುತ್ತದೆ, ಆದರೆ ಯಾವತ್ತು ಹೇಳಿದೆ ಎಂದು ತೋರಿಸುವುದು ಕಷ್ಟ. ಹಾಗಾಗಿ ಅದೇ ದಿನ ಗುತ್ತಿಗೆದಾರನಿಗೂ ಕಂಪನಿಯ ಮೇಲ್ವಿಚಾರಕನಿಗೂ ಒಂದೇ ಮೆಸೇಜು ಕಳಿಸಿ, ಗಂಟೆಗಳ ಪಟ್ಟಿ ಲಗತ್ತಿಸಿ, ಪ್ರತಿಯನ್ನು ಕಂಪನಿಯ ಫೋನಿನಲ್ಲಲ್ಲ, ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಬೇಕು. ಸೇಡಿನ ದೂರಿಗೆ ಕ್ಯಾಲಿಫೋರ್ನಿಯಾದ ಕಾರ್ಮಿಕ ಆಯುಕ್ತರ ಬಳಿ ಇರುವ ಗಡುವು ಒಂದು ವರ್ಷ.